ನಿಮ್ಮ ಏರ್ ರೈಫಲ್‌ಗೆ ಒಪ್ಪುವ ಪೆಲೆಟ್ ಹುಡುಕುವುದು ಹೇಗೆ?

ಕೊಡಗಿನಲ್ಲಿ ಕೈಲ್ ಮುಹೂರ್ತಕ್ಕೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇರುತ್ತದೆ. ಅಲ್ಲಿ ಗುಂಡು ಒಂದು ಇಂಚು ಆಚೀಚೆ ಆದರೂ ಕಾಯಿಗೆ ತಾಗುತ್ತದೆ. 10 ಮೀಟರ್ ಏರ್ ರೈಫಲ್ ಹಾಗಲ್ಲ. ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದ ಸ್ಪರ್ಧೆ ಇದು. ಗುರಿಹಲಗೆಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್ ಅಗಲ, ಅಷ್ಟೇ. ನಟ್ಟನಡುವಿನ ಹೊಡೆತಕ್ಕೆ 10.9 ಅಂಕ. ಅಲ್ಲಿಂದ ಕಾಲು ಮಿಲಿಮೀಟರ್ ದೂರ ಸರಿದಂತೆಲ್ಲ 0.1 ಅಂಕ ಹೋಗುತ್ತದೆ.

ಸಂಜೆ ಹೊತ್ತು ಮಕ್ಕಳಿಗೆ ರೈಫಲ್ ಹೇಳಿಕೊಡುತ್ತೇನೆ. ಒಳ್ಳೆಯ ರೈಫಲ್ ಕೊಡಿಸಿದ ಅಪ್ಪ ಅಮ್ಮ ಪೆಲೆಟ್, ಅಂದರೆ ಅದರ ಸೀಸದ ಪುಟ್ಟ ಗುಂಡಿನ ವಿಷಯದಲ್ಲಿ ಅಂಗಡಿಯವರು ಕೊಟ್ಟದ್ದನ್ನು ತರುತ್ತಾರೆ. ಮಗುವಿನ ಅಂಕ ಏರದಿದ್ದಾಗ ಮಗುವನ್ನೇ ಬೈಯುತ್ತಾರೆ. ಇದನ್ನು ನೋಡಿ ನೋಡಿ ಬೇಸರವಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು: ಯಾವ ಪೆಲೆಟ್ ಚೆನ್ನಾಗಿದೆ ಎನ್ನುವುದನ್ನು ಹೇಳುವುದು ನಿಮ್ಮ ಬ್ಯಾರೆಲ್, ಡಬ್ಬಿಯ ಮೇಲಿನ ಹೆಸರಲ್ಲ. ಒಂದೇ ಕಂಪನಿಯ, ಒಂದೇ ಮಾದರಿಯ ಎರಡು ರೈಫಲ್‌ಗಳು ಬೇರೆ ಬೇರೆ ಪೆಲೆಟ್ ಬಯಸಬಹುದು.

ಪರೀಕ್ಷೆಗೆ ನಾಲ್ಕೈದು ಬಗೆ ಸಾಕು. ಚಪ್ಪಟೆ ತಲೆಯ ಮ್ಯಾಚ್ (ಸ್ಪರ್ಧೆಯ) ಪೆಲೆಟ್ಟೇ ಆಗಬೇಕು. ಅದು ಕಾಗದವನ್ನು ದುಂಡಗೆ ಕತ್ತರಿಸುತ್ತದೆ, ಚೂಪು ತಲೆಯದ್ದು ಹರಿಯುತ್ತದೆ. ಆರ್‌ಡಬ್ಲ್ಯೂಎಸ್ ಆರ್10, ಎಚ್ ಅಂಡ್ ಎನ್ ಫಿನಾಲೆ ಮ್ಯಾಚ್ ಇಂಥವನ್ನು ಹೆಚ್ಚಿನವರು ಬಳಸುತ್ತಾರೆ. ರೈಫಲ್‌ಗೆ 0.53 ಗ್ರಾಂ ತೂಕದ್ದು ತೆಗೆದುಕೊಳ್ಳಿ. ತಲೆಯ ಅಳತೆ 4.49, 4.50 ಮಿಲಿಮೀಟರ್ ಹೀಗೆ ಬರುತ್ತದೆ, ಒಂದೊಂದು ತನ್ನಿ. ಹೆಸರಿಲ್ಲದ ಪೊಟ್ಟಣದಲ್ಲಿ ಬಿಡಿಯಾಗಿ ಮಾರುವ ಪೆಲೆಟ್ ಮಾತ್ರ ಬೇಡವೇ ಬೇಡ. ಡಬ್ಬಿಯ ಮೇಲಿನ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಕಂತಿನ ಗುರುತು) ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬ್ಯಾರೆಲ್ ಒಳಗೆ ಫೆಲ್ಟ್ ಉಂಡೆ ಹಾಯಿಸಿ ಒರೆಸಿ, ಸ್ಕ್ರೂಗಳೆಲ್ಲ ಬಿಗಿಯಾಗಿವೆಯೇ ನೋಡಿ, ರೈಫಲ್‌ನ ಗಾಳಿ ಸಿಲಿಂಡರ್ ತುಂಬಿಸಿ. ಹಿತ್ತಾಳೆ ಬ್ರಷ್ ಹಾಕಿ ಉಜ್ಜಬೇಡಿ. ಬ್ಯಾರೆಲ್ ತುದಿಯ ಅಂಚಿಗೆ ಪೆಟ್ಟಾದರೆ ಯಾವ ಪೆಲೆಟ್ಟೂ ಸರಿ ಹೋಗುವುದಿಲ್ಲ.

ಈಗ ರೈಫಲ್ ಕದಲದಂತೆ ಕೂರಿಸಬೇಕು. ಭಾರವಾದ ಮೇಜಿಗೆ ಬಿಗಿದ ವೈಸ್ (ರೈಫಲ್ ಕಚ್ಚಿ ಹಿಡಿಯುವ ಇಕ್ಕಳ) ಇದ್ದರೆ ಒಳ್ಳೆಯದು. ಹಿಡಿತ ರೈಫಲ್‌ನ ಮೈ ಮೇಲಿರಲಿ, ಬ್ಯಾರೆಲ್ ಮೇಲೆ ಬೇಡ. ಹೆಗಲಿಗಿಟ್ಟು ಹೊಡೆದು ಪೆಲೆಟ್ ಪರೀಕ್ಷಿಸುವವರು ಪರೀಕ್ಷಿಸುವುದು ತಮ್ಮ ಕೈಯನ್ನು. ವೈಸ್ ಇಲ್ಲದಿದ್ದರೆ ಕ್ಲಬ್‌ನಲ್ಲಿ ಕೇಳಿ, ಒಂದು ದಿನಕ್ಕೆ ಸಾಕಲ್ವಾ? ಗುರಿ ಕಾಗದದ ಹಿಂದೆ ಗಟ್ಟಿ ರಟ್ಟು ಇಡಿ. ತಂತಿಯ ಮೇಲೆ ಓಡುವ ಟ್ರಾಲಿಯಲ್ಲಿ ಕಾಗದ ತೂಗಾಡುತ್ತದೆ. ಆ ತೂಗಾಟವೇ ಅಳತೆಯನ್ನು ಕೆಡಿಸುತ್ತದೆ.

ಮುಂದಿನದ್ದೇ ಎಲ್ಲರೂ ಎಡವುವ ಜಾಗ.

ಪೆಲೆಟ್ ಬದಲಿಸಿದಾಗಲೆಲ್ಲ ಮೊದಲು ಐದಾರು ಹೊಡೆತ ಸುಮ್ನೆ ಹೊಡೆಯಿರಿ, ಲೆಕ್ಕಕ್ಕೆ ಬೇಡ. ಬ್ಯಾರೆಲ್ ಹೊಸ ಸೀಸಕ್ಕೆ ಒಗ್ಗಿಕೊಳ್ಳಲಿ. ಆಮೇಲೆ ಹೊಸ ಕಾಗದಕ್ಕೆ ಹತ್ತು ಹೊಡೆತ. ಐದಲ್ಲ, ಹತ್ತು. ಐದು ಹೊಡೆತ ಒಂದೇ ತೂತಿಗೆ ಬೀಳುವುದು ಎಷ್ಟೋ ಸಲ ಅದೃಷ್ಟ. ಹತ್ತು ತೂತುಗಳ ಗುಂಪು ನಡುವಿಗೇ ಬೀಳಬೇಕೆಂದಿಲ್ಲ, ಹಾಗಾಗಿ ಪರೀಕ್ಷೆಯ ಮಧ್ಯೆ ಗುರಿ ನೋಡುವ ಸೈಟ್ ತಿರುಗಿಸಬೇಡಿ. ನಮಗೆ ಬೇಕಾದದ್ದು ಹತ್ತೂ ಎಷ್ಟು ಹತ್ತಿರ ಬಿದ್ದಿವೆ ಎನ್ನುವುದು ಮಾತ್ರ. ಎಲ್ಲ ಬಗೆಯೂ ಮುಗಿದ ಮೇಲೆ ಹಿಂದಿನಿಂದ ಮುಂದಕ್ಕೆ ಇನ್ನೊಂದು ಸುತ್ತು ಹೊಡೆಯಿರಿ. ಕೊನೆಯಲ್ಲಿ ಹೊಡೆದದ್ದಕ್ಕೆ ಈಗ ಮೊದಲ ಸರದಿ. ಹೊತ್ತು ಹೋದಂತೆ ಗಾಳಿಯ ಒತ್ತಡ ಇಳಿದು, ನಿಮಗೂ ದಣಿವಾಗಿ ಏನಾದರೂ ವ್ಯತ್ಯಾಸ ಬಂದಿದ್ದರೆ ಅದು ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಅಳೆಯಲು ವರ್ನಿಯರ್ ಕ್ಯಾಲಿಪರ್ ಬೇಕು. ಸ್ಕೇಲ್ ಸಾಲದು. ಗುಂಪಿನ ಹೊರ ಅಂಚಿನಿಂದ ಹೊರ ಅಂಚಿಗೆ, ಅತಿ ಅಗಲವಾದ ಕಡೆ ಅಳೆಯಿರಿ. ಅದರಿಂದ ಒಂದು ಒಂಟಿ ತೂತಿನ ಅಗಲ ಕಳೆಯಿರಿ. ಪೆಲೆಟ್ 4.5 ಮಿಲಿಮೀಟರ್ ಇದ್ದರೂ ಕಾಗದದ ತೂತು ಸ್ವಲ್ಪ ಚಿಕ್ಕದಿರುತ್ತದೆ, ಆದ್ದರಿಂದ ತೂತನ್ನೇ ಅಳೆಯಿರಿ. ಉಳಿದದ್ದು ನಿಮ್ಮ ಗುಂಪಿನ ಗಾತ್ರ. ಅದು 2 ಮಿಲಿಮೀಟರ್ ಬಂತು ಎನ್ನೋಣ. ಗುಂಪು ಸರಿಯಾಗಿ ನಡುವೆ ಕೂತರೆ ದೂರದ ಹೊಡೆತವೂ ನಡುವಿನಿಂದ ಹೆಚ್ಚುಕಡಿಮೆ 1 ಮಿಲಿಮೀಟರ್ ಒಳಗೆ, ಅಂದರೆ 10.6ರ ಆಸುಪಾಸು. ಗಾತ್ರ 4 ಬಂದರೆ ಅದೇ 10.2ಕ್ಕೆ ಇಳಿಯುತ್ತದೆ. ಮಗು ಒಂದಿಷ್ಟೂ ತಪ್ಪು ಮಾಡದೆ ಹೋದ ಅಂಕ ಇದು. 60 ಹೊಡೆತದ ಸ್ಪರ್ಧೆಯಲ್ಲಿ ಸರಾಸರಿ 0.1 ಹೋದರೂ ಒಟ್ಟು 6 ಅಂಕ ಹೋಯಿತು.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಒಂಬತ್ತು ಒಟ್ಟಿಗೆ ಬಿದ್ದು ಒಂದು ದೂರ ಹೋದರೆ ಅದನ್ನು ಬಿಟ್ಟು ಅಳೆಯಬೇಡಿ. 'ಅದು ಏನೋ ಆಯ್ತು ಸರ್' ಎಂದು ಹತ್ತು ಜನರಲ್ಲಿ ಎಂಟು ಜನ ಹೇಳುತ್ತಾರೆ. ರೈಫಲ್ ವೈಸ್‌ನಲ್ಲಿದೆ, ಏನೂ ಆಗಿಲ್ಲ. ಪೆಲೆಟ್ ಹಾಗೆ ಹೋಯಿತು. ಸ್ಪರ್ಧೆಯಲ್ಲೂ ಹಾಗೇ ಹೋಗುತ್ತದೆ. ನಿಜಕ್ಕೂ ವೈಸ್ ಕದಲಿತು ಎಂಬ ಅನುಮಾನವಿದ್ದರೆ ಹತ್ತನ್ನೂ ಬಿಟ್ಟು ಮತ್ತೆ ಹತ್ತು ಹೊಡೆಯಿರಿ. ಎಲೆಕ್ಟ್ರಾನಿಕ್ ಟಾರ್ಗೆಟ್ ಇದ್ದರೆ ಇನ್ನೂ ಸುಲಭ. ಪ್ರತಿ ಹೊಡೆತದ ಜಾಗವೂ ಸಿಗುತ್ತದೆ, ಹತ್ತರ ಸರಾಸರಿ ತೆಗೆಯಬಹುದು. ಎರಡು ಸುತ್ತಿನಲ್ಲೂ ಚೆನ್ನಾಗಿ ಬಂದದ್ದನ್ನೇ ಆರಿಸಿ. ಒಂದು ಸಲ ಅದ್ಭುತ, ಇನ್ನೊಂದು ಸಲ ಸಾಧಾರಣ ಬಂದದ್ದು ಬೇಡ.

ಪೆಲೆಟ್‌ಗಳನ್ನು ಒಂದೊಂದಾಗಿ ತೂಗುವ, ಎಣ್ಣೆ ಸವರುವ ಸಲಹೆಗಳು ನಿಮಗೂ ಬಂದಿರಬಹುದು. ಎಣ್ಣೆ ಬೇಡ. ತೂಗುವ ಹೊತ್ತನ್ನು ಅಭ್ಯಾಸಕ್ಕೆ ಕೊಡಿ.

ಆರಿಸಿದ ಮೇಲೆ ಅದೇ ಲಾಟ್ ನಂಬರಿನ ಡಬ್ಬಿಗಳನ್ನು ಕೈಲಾದಷ್ಟು ಒಟ್ಟಿಗೆ ಕೊಳ್ಳಿ. ಹೆಸರು, ತೂಕ, ಅಳತೆ ಎಲ್ಲ ಒಂದೇ ಇದ್ದು ಲಾಟ್ ಬೇರೆಯಾದರೆ ಅದನ್ನು ಹೊಸ ಪೆಲೆಟ್ ಎಂದೇ ಎಣಿಸಿ. 500ರ ಡಬ್ಬಿ ದಿನಕ್ಕೆ 60 ಹೊಡೆತದಂತೆ ಎಂಟು ದಿನಕ್ಕೆ ಖಾಲಿ. ಡಬ್ಬಿ ಕೆಳಗೆ ಬಿದ್ದರೆ ಪೆಲೆಟ್‌ನ ತೆಳು ಲಂಗ (ಹಿಂಬದಿಯ ಅಂಚು) ಸೊಟ್ಟಗಾಗುತ್ತದೆ, ಅಂಥವನ್ನು ಸ್ಪರ್ಧೆಗೆ ಒಯ್ಯಬೇಡಿ.

ಮಕ್ಕಳು ಪೆಲೆಟ್ಟನ್ನು ತುಟಿಯಲ್ಲಿ ಕಚ್ಚಿಕೊಳ್ಳುವುದನ್ನು ನೋಡಿದ್ದೇನೆ. ಅದು ಸೀಸ, ವಿಷ. ತಕ್ಷಣ ನಿಲ್ಲಿಸಿ. ಹೊಡೆದು ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯದೆ ತಿಂಡಿ ಮುಟ್ಟಲು ಬಿಡಬೇಡಿ.

ಕೊನೆಯ ಎರಡು ಡಬ್ಬಿ ಉಳಿದಾಗಲೇ ಹೊಸ ಲಾಟ್‌ನ ಪರೀಕ್ಷೆ ಶುರುಮಾಡಿ. ಹಳೆಯದನ್ನೂ ಅದರ ಪಕ್ಕದಲ್ಲೇ ಹೊಡೆದು ಹೋಲಿಸಿ.