ಸ್ನೋ ಬೈಕಿಗೆ ಬೆಲ್ಟ್ ಹಾಕಿದ ಮೇಲೆ ನಾನು ಕಂಡದ್ದು

ಡರ್ಟ್ ಬೈಕಿನ ಚಕ್ರಗಳ ಬದಲು ಮುಂದೆ ಸ್ಕೀ (ಹಿಮದ ಮೇಲೆ ಜಾರುವ ಪಟ್ಟಿ), ಹಿಂದೆ ಟ್ರ್ಯಾಕ್ (ಸುತ್ತುತ್ತಾ ಬೈಕನ್ನು ತಳ್ಳುವ ಅಗಲ ರಬ್ಬರ್ ಪಟ್ಟಿ) ಹಾಕಿದರೆ ಸ್ನೋ ಬೈಕ್. ನನ್ನದರಲ್ಲಿ ಎರಡು ಚೈನ್ ಇದ್ದವು. ಇಂಜಿನ್ ಸ್ಪ್ರಾಕೆಟ್‌ನಿಂದ (ಚೈನ್ ಕೂರುವ ಹಲ್ಲಿನ ಚಕ್ರ) ಜಾಕ್‌ಶಾಫ್ಟ್ ಎಂಬ ನಡುವಿನ ಶಾಫ್ಟ್‌ಗೆ ಒಂದು, ಅಲ್ಲಿಂದ ಟ್ರ್ಯಾಕ್ ತಿರುಗಿಸುವ ಶಾಫ್ಟ್‌ಗೆ ಆಯಿಲ್ ಇರುವ ಕೇಸ್ ಒಳಗೆ ಇನ್ನೊಂದು. ನಾನು ಹಲ್ಲಿರುವ ಬೆಲ್ಟ್‌ಗೆ ಬದಲಾಯಿಸಿದ್ದು ಈ ಎರಡನೆಯದನ್ನು ಮಾತ್ರ.

ಯಾಕೆ ಅಂದರೆ, ಒಮ್ಮೆ ಆಯಿಲ್ ಇಳಿಸಿದಾಗ ಅದು ಬೆಳ್ಳಗೆ ಹಾಲಿನ ಹಾಗಾಗಿತ್ತು. ಸೀಲ್ ಹೋಗಿ ನೀರು ಒಳಗೆ ಸೇರಿತ್ತು. ಡ್ರೈನ್ ಬೋಲ್ಟ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಲೋಹದ ಪುಡಿ ದಪ್ಪಗೆ ಅಂಟಿತ್ತು, ಚೈನ್ ಸಡಿಲವಾಗಿತ್ತು. ಚೈನ್ ಎಳೆದು ಉದ್ದವಾಯಿತು ಅಂತೀವಿ, ನಿಜವಾಗಿ ಸವೆಯುವುದು ಒಳಗಿನ ಪಿನ್ ಮತ್ತು ಅದರ ಸುತ್ತಲಿನ ಚಿಕ್ಕ ಕೊಳವೆ, ಅಂದರೆ ಬುಶ್.

ಬೆಲ್ಟ್ ಹಾಕಿದ ದಿನವೇ ವ್ಯತ್ಯಾಸ ಗೊತ್ತಾಯಿತು. ತಿರುಗುವ ತೂಕ ಕಡಿಮೆ, ಸದ್ದು ಕಡಿಮೆ, ಆಯಿಲ್ ಗೊಡವೆಯೇ ಇಲ್ಲ. ಆದರೆ ಅಲೈನ್‌ಮೆಂಟ್ ವಿಷಯದಲ್ಲಿ, ಅಂದರೆ ಬೆಲ್ಟ್ ಕೂರುವ ಎರಡು ಪುಲ್ಲಿಗಳು (ಹಲ್ಲಿನ ಚಕ್ರಗಳು) ಒಂದೇ ನೇರದಲ್ಲಿ ಇಲ್ಲದಿದ್ದರೆ, ಬೆಲ್ಟ್ ಸ್ವಲ್ಪವೂ ಸಹಿಸುವುದಿಲ್ಲ. ಮೊದಲ ಸಲ ನಾನು ಕಣ್ಣಳತೆಯಲ್ಲೇ ಕೂರಿಸಿದ್ದೆ, ಎರಡು ರೈಡ್ ಆಗುವಷ್ಟರಲ್ಲಿ ಬೆಲ್ಟ್ ಒಂದು ಪಕ್ಕಕ್ಕೆ ಸರಿದು ಅಂಚಿನಲ್ಲಿ ನೂಲು ಎದ್ದಿತ್ತು. ಆಮೇಲೆ ಎರಡೂ ಪುಲ್ಲಿಗಳ ಮುಖಕ್ಕೆ ನೇರ ಪಟ್ಟಿ ಇಟ್ಟು ನೋಡಿ, ತೆಳ್ಳನೆ ವಾಷರ್ ಸೇರಿಸಿ ಸರಿ ಮಾಡಿದೆ. ಒಂದು ಮಾತು: ಬೆಲ್ಟ್ ಅನ್ನು ಸ್ಕ್ರೂಡ್ರೈವರ್‌ನಿಂದ ಮೀಟಿ ಹಾಕಬೇಡಿ, ಚಿಕ್ಕದಾಗಿ ಮಡಚಿ ಬ್ಯಾಗಿಗೆ ತುರುಕಬೇಡಿ. ಒಳಗಿನ ಕಾರ್ಬನ್ ಎಳೆ ಮುರಿದರೆ ಹೊರಗಿನಿಂದ ಕಾಣುವುದಿಲ್ಲ, ಲೋಡ್ ಬಿದ್ದಾಗ ಕಿತ್ತುಕೊಳ್ಳುತ್ತದೆ.

ನನ್ನನ್ನು ನಿಜವಾಗಿ ಹೆದರಿಸಿದ್ದು ಮಂಜುಗಡ್ಡೆ. ಸಂಜೆ ಬಿಸಿ ಇದ್ದ ಬೈಕನ್ನು ಹಾಗೇ ನಿಲ್ಲಿಸಿದ್ದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಥ್ರಾಟಲ್ ಕೊಟ್ಟ ಕೂಡಲೇ ಟಕಟಕ ಸದ್ದು, ಬೈಕ್ ಮುಂದಕ್ಕೆ ಹೋಗುತ್ತಿಲ್ಲ. ಕವರ್ ಬಿಚ್ಚಿದರೆ ಕೆಳಗಿನ ಪುಲ್ಲಿಯ ಹಲ್ಲುಗಳ ನಡುವೆ ಗಟ್ಟಿ ಮಂಜು ಕೂತಿದೆ, ಬೆಲ್ಟ್ ಅದರ ಮೇಲೆ ಎದ್ದು ಹಲ್ಲು ಹಾರುತ್ತಿದೆ. ಕರಗಿದ ಹಿಮ ರಾತ್ರಿ ಮತ್ತೆ ಹೆಪ್ಪುಗಟ್ಟಿತ್ತು ಅಷ್ಟೇ. ಈಗ ಹೊರಡುವ ಮುಂಚೆ ಹಿಂಭಾಗ ಎತ್ತಿ ಟ್ರ್ಯಾಕ್ ಅನ್ನು ಕೈಯಿಂದಲೇ ನಿಧಾನಕ್ಕೆ ಒಂದು ಸುತ್ತು ತಿರುಗಿಸುತ್ತೇನೆ, ಕವರ್ ಒಳಗೆ ಟಾರ್ಚ್ ಬಿಟ್ಟು ನೋಡುತ್ತೇನೆ.

ಹಾಗಾದರೆ ಯಾವುದು? ಒಣ ಪುಡಿ ಹಿಮದಲ್ಲೇ ಜಾಸ್ತಿ ಓಡಿಸುವವರು, ಪ್ರತಿ ರೈಡಿಗೂ ಕವರ್ ಬಿಚ್ಚಿ ನೋಡಲು ಬೇಸರ ಇಲ್ಲದವರು ಬೆಲ್ಟ್ ಹಾಕಿ, ಖುಷಿ ಕೊಡುತ್ತದೆ. ಹಗಲು ಕರಗಿ ರಾತ್ರಿ ಗಟ್ಟಿಯಾಗುವ ಒದ್ದೆ ಹಿಮದಲ್ಲಿ, ಮನುಷ್ಯರಿಲ್ಲದ ಕಡೆ ದೂರ ಹೋಗುವವರಿಗೆ ನಾನು ಚೈನ್ ಅನ್ನೇ ಹೇಳುತ್ತೇನೆ. ಸಮಯಕ್ಕೆ ಆಯಿಲ್ ಬದಲಿಸಿ, ಟೆನ್ಷನ್ (ಬಿಗಿ) ನೋಡಿಕೊಂಡರೆ ಅದು ಸುಮ್ನೆ ಓಡುತ್ತಿರುತ್ತದೆ.

ಇಂಜಿನ್ ಪಕ್ಕದ ಮೊದಲ ಚೈನ್ ಮಾತ್ರ ನಾನು ಮುಟ್ಟಿಲ್ಲ. ಅದು ತುಂಡಾದರೆ ಜೇಬಿನಲ್ಲಿರುವ ಒಂದು ಲಿಂಕ್ ಸಾಕು. ಗೇರಿಂಗ್ ಬದಲಿಸಬೇಕಾದರೂ ಅಲ್ಲಿ ಒಂದು ಹಲ್ಲು ಕಡಿಮೆ ಇರುವ ಸ್ಪ್ರಾಕೆಟ್ ಹಾಕಿದರೆ ಮುಗಿಯಿತು, ಬೆಲ್ಟ್‌ನಲ್ಲಾದರೆ ಪುಲ್ಲಿಯನ್ನೇ ಬದಲಿಸಬೇಕು.