ಹೊಸ ಡೇಟಾ ಬಂದಾಗ ಗ್ರಾಫನ್ನು ನಾನು ರಿಫ್ರೆಶ್ ಮಾಡುವ ಬಗೆ

ಯಂತ್ರಗಳ ತಾಪಮಾನವನ್ನು ಸೆಕೆಂಡಿಗೊಮ್ಮೆ ಬರೆದಿಡುವ ಫೈಲುಗಳಿರುತ್ತವಲ್ಲ, ಅವನ್ನು ಓದಿ ಗ್ರಾಫ್ ತೋರಿಸುವ ಒಂದು ಡೆಸ್ಕ್‌ಟಾಪ್ ಪ್ರೋಗ್ರಾಂ ಬರೆದಿದ್ದೇನೆ. ಪೈಥಾನ್ ಭಾಷೆ, ಕಿಟಕಿ-ಬಟನ್ ತೋರಿಸಲು ಕ್ಯೂಟಿ, ಗ್ರಾಫ್ ಬರೆಯಲು ಮ್ಯಾಟ್‌ಪ್ಲಾಟ್‌ಲಿಬ್ ಬಳಸಿದ್ದೇನೆ. ಹೊಸ ಡೇಟಾ ಬಂದಾಗೆಲ್ಲ ತೆರೆಯ ಮೇಲಿನ ಗೆರೆಗಳು ತಾವಾಗಿಯೇ ಬದಲಾಗಬೇಕು. ಗೆರೆ ಬದಲಿಸುವ ಕೋಡ್ ನಾಲ್ಕೈದು ಸಾಲು ಅಷ್ಟೆ. ನೋಡುತ್ತಾ ಕೂತವರಿಗೆ ತಾವು ನೋಡುತ್ತಿದ್ದ ಜಾಗ ತಪ್ಪಿಹೋಗಬಾರದು ಅಲ್ವಾ, ಉಳಿದ ಕೆಲಸವೆಲ್ಲ ಅದಕ್ಕೇ ಹಿಡಿಯಿತು.

ಹೆಚ್ಚಿನವರು ಮೊದಲು ಬರೆಯುವುದು ಹೀಗೆ: ಡೇಟಾ ಬಂತು, ‘ಕ್ಲಿಯರ್’ ಮಾಡು, ಮತ್ತೆ ‘ಪ್ಲಾಟ್’ ಮಾಡು. ಇದು ಓಡುತ್ತದೆ. ಆದರೆ ‘ಕ್ಲಿಯರ್’ ಎಂದರೆ ಗೆರೆಯ ಜೊತೆಗೆ ಅಕ್ಷಗಳ ಹೆಸರು, ಬಣ್ಣ, ಗ್ರಿಡ್, ಝೂಮ್ ಎಲ್ಲವೂ ಹೋಗುತ್ತವೆ. ಎಲ್ಲವನ್ನೂ ಮತ್ತೆ ಹಾಕಬೇಕು. ನಾನು ಗೆರೆಯನ್ನು ಒಮ್ಮೆ ಮಾತ್ರ ಬರೆದು, ‘ಪ್ಲಾಟ್’ ವಾಪಸ್ ಕೊಡುವ ಗೆರೆಯ ಆಬ್ಜೆಕ್ಟನ್ನು ಇಟ್ಟುಕೊಳ್ಳುತ್ತೇನೆ. ಹೊಸ ಡೇಟಾ ಬಂದಾಗ ಅದೇ ಆಬ್ಜೆಕ್ಟಿನ ಮೇಲೆ ‘ಸೆಟ್ ಡೇಟಾ’ (ಹೊಸ ಅಂಕಿ ಹಾಕುವುದು), ಆಮೇಲೆ ‘ರಿಲಿಮ್’ (ಡೇಟಾದ ಮಿತಿಯನ್ನು ಮತ್ತೆ ಲೆಕ್ಕ ಹಾಕುವುದು), ‘ಆಟೋಸ್ಕೇಲ್ ವ್ಯೂ’ (ಆ ಮಿತಿಗೆ ಅಕ್ಷಗಳನ್ನು ಹೊಂದಿಸುವುದು), ಕೊನೆಗೆ ‘ಡ್ರಾ ಐಡಲ್’. ಬರಿ ‘ಡ್ರಾ’ ಎಂದರೆ ಆ ಕ್ಷಣವೇ ಇಡೀ ಚಿತ್ರ ಬರೆಯುತ್ತದೆ. ‘ಡ್ರಾ ಐಡಲ್’ ಹಾಗಲ್ಲ, ಕೈ ಖಾಲಿಯಾದಾಗ ಬರೆಯುತ್ತದೆ. ನಾಲ್ಕು ಗೆರೆಗಳು ಒಂದರ ಹಿಂದೆ ಒಂದು ಬದಲಾದರೂ ಚಿತ್ರ ಒಂದೇ ಸಲ ಬರೆಯಲ್ಪಡುತ್ತದೆ.

ಈಗ ಅಕ್ಷಗಳ ವಿಷಯ. ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲೇ ಇದೆ.

ಒಬ್ಬರು ಬೆಳಗಿನ ಒಂದು ಏರಿಕೆಯನ್ನು ಝೂಮ್ ಮಾಡಿ ನೋಡುತ್ತಿದ್ದಾರೆ ಅಂದುಕೊಳ್ಳಿ. ಅಷ್ಟರಲ್ಲಿ ಹೊಸ ಡೇಟಾ ಬಂತು. ಗ್ರಾಫ್ ಪಟ್ ಅಂತ ಪೂರ್ತಿ ದಿನಕ್ಕೆ ಹಿಗ್ಗಿದರೆ ಅವರು ಮತ್ತೆ ಆ ಜಾಗ ಹುಡುಕಬೇಕು. ಹುಡುಕುವಷ್ಟರಲ್ಲಿ ಮತ್ತೆ ಡೇಟಾ. ಇದನ್ನು ತಪ್ಪಿಸಲು ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲೇ ಒಂದು ಒಳ್ಳೆಯ ದಾರಿ ಇದೆ. ಟೂಲ್‌ಬಾರಿನಿಂದ ಝೂಮ್ ಮಾಡಿದರೆ ಅಥವಾ ಗ್ರಾಫನ್ನು ಎಳೆದರೆ, ಒಳಗೆ ಅಡ್ಡ ಅಕ್ಷದ ಮಿತಿ ಇಡುವ ‘ಸೆಟ್ ಎಕ್ಸ್‌ಲಿಮ್’ ನಡೆಯುತ್ತದೆ. ಜೊತೆಗೆ ಆ ಅಕ್ಷದ ಆಟೋಸ್ಕೇಲ್, ಅಂದರೆ ಡೇಟಾಕ್ಕೆ ತಾನಾಗಿ ಹೊಂದಿಕೊಳ್ಳುವುದು, ಆಫ್ ಆಗುತ್ತದೆ. ಆಫ್ ಆದ ಮೇಲೆ ‘ಆಟೋಸ್ಕೇಲ್ ವ್ಯೂ’ ಕರೆದರೂ ಆ ಅಕ್ಷ ಅಲ್ಲಾಡುವುದಿಲ್ಲ. ಹಾಗಾಗಿ ಬೇರೆ ಲೆಕ್ಕ ಇಡಬೇಕಾಗಿಲ್ಲ. ‘ಗೆಟ್ ಆಟೋಸ್ಕೇಲ್‌ಎಕ್ಸ್ ಆನ್’ ಕೇಳಿದರೆ ಸಾಕು, ನೋಡುವವರು ಎಲ್ಲೋ ನಿಂತಿದ್ದಾರೋ ಅಥವಾ ಹೊಸ ಡೇಟಾದ ಜೊತೆಗೆ ಸಾಗುತ್ತಿದ್ದಾರೋ ಗೊತ್ತಾಗುತ್ತದೆ. ನಿಂತಿದ್ದರೆ ಗ್ರಾಫ್ ಅಲ್ಲೇ ಇರುತ್ತದೆ, ಮೂಲೆಯಲ್ಲಿ ‘ಹೊಸ ಡೇಟಾ ಇದೆ’ ಎಂಬ ಬಟನ್ ಕಾಣಿಸಿಕೊಳ್ಳುತ್ತದೆ. ಒತ್ತಿದಾಗ ಮಾತ್ರ ಆಟೋಸ್ಕೇಲ್ ಆನ್ ಮಾಡುತ್ತೇನೆ.

ವೈ ಅಕ್ಷದ ತೊಂದರೆ ಬೇರೆ ಥರ. ಆಟೋಸ್ಕೇಲಿಗೆ ಬಿಟ್ಟರೆ ಪ್ರತಿ ರಿಫ್ರೆಶ್‌ಗೂ ಚೂರು ಮೇಲೆ, ಚೂರು ಕೆಳಗೆ ಆಗುತ್ತಲೇ ಇರುತ್ತದೆ. ತಾಪಮಾನ ಬದಲಾಗದಿದ್ದರೂ ಗೆರೆ ಕುಣಿದಂತೆ ಕಾಣುತ್ತದೆ. ನಾನು ‘ಆಟೋಸ್ಕೇಲ್ ವ್ಯೂ’ಗೆ ವೈ ಅಕ್ಷವನ್ನು ಮುಟ್ಟಬೇಡ ಎಂದು ಹೇಳಿ, ಅದರ ಮಿತಿಯನ್ನು ನಾನೇ ಇಡುತ್ತೇನೆ. ಡೇಟಾ ಮಿತಿ ದಾಟಿದರೆ ಮುಂದಿನ 10 ಡಿಗ್ರಿಯ ಗುರುತಿಗೆ ಹಿಗ್ಗಿಸುವುದು. ತಾನಾಗಿ ಕುಗ್ಗಿಸುವುದಂತೂ ಇಲ್ಲ. ‘ಸೆಟ್ ವೈಲಿಮ್’ಗೆ ‘ಆಟೋ’ ಬೆಲೆಯನ್ನು ‘ನನ್’ (ಏನೂ ಇಲ್ಲ) ಎಂದು ಕೊಟ್ಟರೆ ಅದು ಆಟೋಸ್ಕೇಲಿನ ಆನ್-ಆಫ್ ಸ್ಥಿತಿಯನ್ನು ಮುಟ್ಟುವುದಿಲ್ಲ. ಹೀಗಾಗಿ ವೈ ಅಕ್ಷವನ್ನು ಬದಲಿಸಿದ್ದು ನನ್ನ ಕೋಡೋ ಅಥವಾ ಬಳಸುವವರೋ ಎಂಬುದು ಸ್ಪಷ್ಟವಾಗಿ ಉಳಿಯುತ್ತದೆ.

ಬಣ್ಣದ ನಕ್ಷೆ ಇದ್ದರೆ, ಅಂದರೆ ಹೀಟ್‌ಮ್ಯಾಪ್ ಇದ್ದರೆ, ಇನ್ನೂ ಜಾಸ್ತಿ ಎಚ್ಚರ ಬೇಕು. ಇದನ್ನು ಬರೆಯುವ ‘ಇಮ್‌ಶೋ’ದ ಚಿತ್ರಕ್ಕೆ ‘ಸೆಟ್ ಡೇಟಾ’ ಮಾಡಿದರೆ ಅಂಕಿಗಳು ಬದಲಾಗುತ್ತವೆ, ಬಣ್ಣದ ಮಿತಿ ಹಳೆಯದೇ ಇರುತ್ತದೆ. 20ರಿಂದ 60 ಡಿಗ್ರಿಗೆ ಹೊಂದಿಸಿದ ನಕ್ಷೆಗೆ 90 ಡಿಗ್ರಿ ಬಂದರೆ ಅದು 60ರ ಬಣ್ಣದಲ್ಲೇ ಕಾಣುತ್ತದೆ. ಪ್ರತಿ ಸಲ ಬಣ್ಣವನ್ನೂ ಹೊಸ ಡೇಟಾಕ್ಕೆ ಹೊಂದಿಸೋಣ ಎಂದರೆ, ನಿನ್ನೆ 50 ಡಿಗ್ರಿಗಿದ್ದ ಕೆಂಪು ಇವತ್ತು 80 ಡಿಗ್ರಿಯದಾಗುತ್ತದೆ. ಎರಡರಲ್ಲಿ ಇದೇ ಹೆಚ್ಚು ಅಪಾಯ ಎಂದು ನನಗೆ ಅನಿಸುತ್ತದೆ. ಬಣ್ಣ ಬದಲಾಗದಿದ್ದರೆ ಜನ ಅದರ ಅರ್ಥವೂ ಬದಲಾಗಿಲ್ಲ ಎಂದೇ ನಂಬುತ್ತಾರೆ. ಅದಕ್ಕೇ ನಾನು ಯಂತ್ರದ ಸುರಕ್ಷಿತ ಮಿತಿಗಳನ್ನೇ ಬಣ್ಣದ ಮಿತಿ ಮಾಡಿದ್ದೇನೆ. ಅದನ್ನು ಮೀರಿದ್ದಕ್ಕೆ ಬೇರೆಯೇ ಒಂದು ಬಣ್ಣ. ಕಲರ್‌ಮ್ಯಾಪಿನಲ್ಲಿ ‘ಸೆಟ್ ಓವರ್’ ಇರುವುದು ಇದಕ್ಕೇ.

ಫೈಲ್ ಓದುವ ಕೆಲಸ ಮುಖ್ಯ ಕೆಲಸದ ಜೊತೆಜೊತೆಗೇ ಓಡುವ ಬೇರೆ ಥ್ರೆಡ್‌ನಲ್ಲಿ ನಡೆಯುತ್ತದೆ. ಇಲ್ಲದಿದ್ದರೆ ದೊಡ್ಡ ಫೈಲ್ ಬಂದಾಗ ಕಿಟಕಿ ಹೆಪ್ಪುಗಟ್ಟುತ್ತದೆ. ಆದರೆ ಕಿಟಕಿ, ಬಟನ್‌ನಂಥ ಕ್ಯೂಟಿಯ ವಿಜೆಟ್‌ಗಳನ್ನು ಮುಖ್ಯ ಥ್ರೆಡ್ಡಿನಿಂದ ಮಾತ್ರ ಮುಟ್ಟಬೇಕು. ಓದುವ ಥ್ರೆಡ್ ಸಿಗ್ನಲ್ ಕಳಿಸುತ್ತದೆ, ಗ್ರಾಫ್ ಬದಲಿಸುವುದು ಮುಖ್ಯ ಥ್ರೆಡ್. ಪ್ರತಿ ಓದಿಗೂ ಏರುತ್ತಾ ಹೋಗುವ ಒಂದು ಸಂಖ್ಯೆ ಕೊಡುತ್ತೇನೆ. ಮೊದಲು ಆರಂಭವಾದ ದೊಡ್ಡ ಫೈಲ್ ತಡವಾಗಿ ಮುಗಿದು, ಆಮೇಲೆ ಕೇಳಿದ ಚಿಕ್ಕ ಫೈಲಿನ ಗ್ರಾಫಿನ ಮೇಲೆ ಕೂರಬಾರದಲ್ಲ! ಬಂದ ಉತ್ತರದ ಸಂಖ್ಯೆ ಹಳೆಯದಾದರೆ ಸುಮ್ನೆ ಬಿಟ್ಟುಬಿಡುತ್ತೇನೆ. ಅರ್ಧ ಬರೆದ ಫೈಲನ್ನು ಓದದಿರಲು, ಡೇಟಾ ಬರೆಯುವ ಪ್ರೋಗ್ರಾಂ ಮೊದಲು ಬೇರೆ ಹೆಸರಿನಲ್ಲಿ ಪೂರ್ತಿ ಬರೆದು, ಆಮೇಲೆ ಹೆಸರು ಬದಲಿಸುತ್ತದೆ.

ಡೇಟಾ ಜಾಸ್ತಿಯಾದಾಗ ವೇಗ ಕುಸಿಯುತ್ತದೆ. ಸೆಕೆಂಡಿಗೊಂದು ಅಂಕಿ ಎಂದರೆ ದಿನಕ್ಕೆ 86,400, ವಾರಕ್ಕೆ 6,04,800. ಗ್ರಾಫಿನ ಅಗಲ 1,200 ಪಿಕ್ಸೆಲ್ ಎಂದರೆ ಒಂದೊಂದು ಪಿಕ್ಸೆಲಿಗೂ 504 ಅಂಕಿಗಳು. ಅಷ್ಟನ್ನೂ ಬರೆಯುವುದರಲ್ಲಿ ಅರ್ಥವಿಲ್ಲ. ಹಾಗಂತ ಸರಾಸರಿ ತೆಗೆಯಬೇಡಿ. ಎರಡು ಸೆಕೆಂಡಿನ ಏರಿಕೆ 504ರ ಸರಾಸರಿಯಲ್ಲಿ ಮುಳುಗಿಹೋಗುತ್ತದೆ, ಆ ಏರಿಕೆಯನ್ನು ನೋಡಲೆಂದೇ ಗ್ರಾಫ್ ಇರುವುದು. ಪ್ರತಿ ಪಿಕ್ಸೆಲಿಗೆ ಕನಿಷ್ಠ ಮತ್ತು ಗರಿಷ್ಠ ಎರಡನ್ನೂ ಇಟ್ಟುಕೊಂಡರೆ 2,400 ಬಿಂದುಗಳಲ್ಲಿ ಒಂದು ಏರಿಕೆಯೂ ತಪ್ಪುವುದಿಲ್ಲ. ಝೂಮ್ ಮಾಡಿದಾಗ ‘ಎಕ್ಸ್‌ಲಿಮ್ ಚೇಂಜ್ಡ್’ ಈವೆಂಟ್ ಹಿಡಿದು, ಕಾಣುವಷ್ಟು ಭಾಗಕ್ಕೆ ಮಾತ್ರ ಮತ್ತೆ ಲೆಕ್ಕ ಹಾಕುತ್ತೇನೆ. ಇಲ್ಲೊಂದು ಸೂಕ್ಷ್ಮವಿದೆ. ಆಗ ಗೆರೆಯಲ್ಲಿ ಇರುವುದು ಕಾಣುವ ಭಾಗ ಮಾತ್ರ. ‘ಹೊಸ ಡೇಟಾ’ ಬಟನ್ ಒತ್ತಿದಾಗ ಮೊದಲು ಪೂರ್ತಿ ಡೇಟಾದ ಬಿಂದುಗಳನ್ನು ಗೆರೆಗೆ ಹಾಕಿ, ಆಮೇಲೆ ‘ರಿಲಿಮ್’ ಮಾಡಬೇಕು.

ಬ್ರೌಸರಿನಲ್ಲೂ ಕೆಲಸ ಹೆಚ್ಚುಕಡಿಮೆ ಇದೇ. ಅಲ್ಲಿ ಗ್ರಾಫ್ ಬರೆಯಲು ಚಾರ್ಟ್.ಜೆಎಸ್, ಡಿ3 ಎಂಬ ಲೈಬ್ರರಿಗಳಿವೆ. ಚಾರ್ಟ್.ಜೆಎಸ್ ಆದರೆ ಡೇಟಾ ಬದಲಿಸಿ ‘ಅಪ್‌ಡೇಟ್’ ಕರೆಯುವಾಗ ‘ನನ್’ ಮೋಡ್ ಕೊಡಿ, ಅನಿಮೇಶನ್ ನಿಲ್ಲುತ್ತದೆ. ಪದೇ ಪದೇ ಬದಲಾಗುವ ಗ್ರಾಫಿನಲ್ಲಿ ಅನಿಮೇಶನ್ ಕಣ್ಣಿಗೆ ಹಿಂಸೆ. ಡಿ3 ಆದರೆ ಡೇಟಾ ಜೋಡಿಸುವಾಗ ಯಾವ ಅಂಕಿ ಯಾವ ಯಂತ್ರದ್ದು ಎಂದು ಗುರುತಿಸುವ ಕೀ ಫಂಕ್ಷನ್ ಕೊಡಲೇಬೇಕು. ಕೊಡದಿದ್ದರೆ ಅದು ಕ್ರಮಸಂಖ್ಯೆಯಿಂದ ಜೋಡಿಸುತ್ತದೆ. ಪಟ್ಟಿಯ ಮೊದಲ ಯಂತ್ರ ಹೋದರೆ ಅದರ ಕಂಬ ಎರಡನೆಯ ಯಂತ್ರದ್ದಾಗಿಬಿಡುತ್ತದೆ.

ಇನ್ನು ಡೇಟಾ ಬಾರದೇ ಇದ್ದಾಗ ಏನು ತೋರಿಸಬೇಕು? ಸಂಪರ್ಕ ಕಡಿದುಹೋದ ಗ್ರಾಫೂ ಸ್ಥಿರವಾಗಿ ಓಡುತ್ತಿರುವ ಯಂತ್ರದ ಗ್ರಾಫೂ ನೋಡಲು ಒಂದೇ ಥರ ಇರುತ್ತವೆ. ಅದಕ್ಕೆ ಕೊನೆಯ ಅಂಕಿ ಅಳೆದ ಸಮಯವನ್ನು ಗ್ರಾಫಿನ ಮೇಲೇ ಬರೆಯುತ್ತೇನೆ. ಫೈಲ್ ಓದಿದ ಸಮಯ ಬರೆದರೆ ಪ್ರಯೋಜನವಿಲ್ಲ, ಹಳೆಯ ಫೈಲನ್ನೂ ಈಗ ಓದಿರಬಹುದಲ್ಲ. ಒಂದು ನಿಮಿಷ ಹೊಸ ಅಂಕಿ ಬರದಿದ್ದರೆ ಟೈಮರ್ ಗೆರೆಯನ್ನು ಬೂದು ಬಣ್ಣಕ್ಕೆ ತಿರುಗಿಸುತ್ತದೆ. ಮತ್ತೆ ಡೇಟಾ ಬಂದಾಗ ನಡುವಿನ ಖಾಲಿ ಹೊತ್ತನ್ನು ನೇರ ಗೆರೆಯಿಂದ ಸೇರಿಸುವುದಿಲ್ಲ. ಅಲ್ಲೊಂದು ‘ನ್ಯಾನ್’ (ಅಂಕಿ ಅಲ್ಲ ಎಂಬ ಗುರುತು) ಹಾಕುತ್ತೇನೆ, ಗೆರೆ ಕಡಿದೇ ಕಾಣುತ್ತದೆ.