ಕಾರ್ಖಾನೆ ನಿಂತ ಊರಲ್ಲಿ ಮನೆ ಹುಡುಕುವುದು: ಭದ್ರಾವತಿಯ ನನ್ನ ಅನುಭವ

ಭದ್ರಾವತಿಯಲ್ಲಿ ಮನೆ ನೋಡುವಾಗ ಬಾಡಿಗೆಗಿಂತ ಮೊದಲು ನಾನು ವಿಚಾರಿಸುತ್ತಿದ್ದುದು ಒಂದೇ: ಈ ಮನೆಗೆ ನೀರು ಬಿಡುವವರು ಯಾರು, ಚರಂಡಿ ತೆಗೆಸುವವರು ಯಾರು, ಕರೆಂಟು ಯಾರದು?

ಕಾರಣ ಊರಿನ ಹುಟ್ಟಿನಲ್ಲೇ ಇದೆ. ಕಬ್ಬಿಣದ ಕಾರ್ಖಾನೆಗೆ 1918ರಲ್ಲಿ ಕೆಲಸ ಶುರುವಾಯಿತು, 1923ರಲ್ಲಿ ಕಬ್ಬಿಣ ಬಂತು. 1930ರ ದಶಕದಲ್ಲಿ ಕಾಗದ ಕಾರ್ಖಾನೆಯೂ ಸೇರಿಕೊಂಡಿತು. ನ್ಯೂಟೌನ್, ಪೇಪರ್‌ಟೌನ್‌ಗಳಲ್ಲಿ ನೀರು, ದೀಪ, ರಸ್ತೆ, ಶಾಲೆ, ಆಸ್ಪತ್ರೆ ಎಲ್ಲವನ್ನೂ ಕಾರ್ಖಾನೆಗಳೇ ನೋಡಿಕೊಳ್ಳುತ್ತಿದ್ದವು. ಕಾಗದ ಕಾರ್ಖಾನೆಯಾದ ಎಂಪಿಎಂನ (ಮೈಸೂರು ಪೇಪರ್ ಮಿಲ್ಸ್) ಯಂತ್ರಗಳು 2015ರಿಂದ ನಿಂತಿವೆ. ಕಬ್ಬಿಣದ ಕಾರ್ಖಾನೆಯಾದ ವಿಐಎಸ್‌ಎಲ್ (ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ) ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಹೊರಬಿತ್ತು. ಆಮೇಲೂ ಕೆಲವು ಘಟಕಗಳು ಆಗಾಗ ನಡೆದಿವೆ. ಹೀಗಾಗಿ ಒಂದೇ ರಸ್ತೆಯ ಆಚೆ ಈಚೆ ಇರುವ ಎರಡು ಮನೆಗಳಲ್ಲಿ ಒಂದು ನಗರಸಭೆಯ ವ್ಯವಸ್ಥೆಯಲ್ಲೂ ಇನ್ನೊಂದು ಕಾರ್ಖಾನೆಯ ವ್ಯವಸ್ಥೆಯಲ್ಲೂ ಇರಬಹುದು. ಅಂಚಿನ ಬಡಾವಣೆಗಳಾದರೆ ಗ್ರಾಮ ಪಂಚಾಯಿತಿಗೆ ಸೇರಿರುತ್ತವೆ.

ಇದನ್ನು ಬಾಯಿಮಾತಿನಲ್ಲಿ ನಂಬಬೇಡಿ. ಮೂರು ಕಾಗದ ಕೇಳಿ: ಕಂದಾಯದ ರಸೀದಿ, ನೀರಿನ ಬಿಲ್ಲು, ಆರ್‌.ಆರ್‌. ನಂಬರ್ (ಕರೆಂಟು ಸಂಪರ್ಕದ ಸಂಖ್ಯೆ) ಇರುವ ಮೆಸ್ಕಾಂ ಬಿಲ್ಲು. ಮೂರರಲ್ಲೂ ಹೆಸರು ಮತ್ತು ವಿಳಾಸ ತಾಳೆಯಾದರೆ ಮುಂದಿನ ಮಾತು. ಕರೆಂಟಿನ ದುಡ್ಡು ಮೆಸ್ಕಾಂಗೆ ಹೋಗದೆ ಬೇರೆ ಕಡೆ ಹೋಗುತ್ತಿದ್ದರೆ, ಮನೆ ಯಾರ ಹಿಡಿತದಲ್ಲಿದೆ ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕ್ವಾರ್ಟರ್ಸ್ ಬೀದಿಗಳು ಹೊಸಬರ ಕಣ್ಣಿಗೆ ಬಹಳ ಚೆನ್ನಾಗಿ ಕಾಣುತ್ತವೆ. ಅಗಲವಾದ ರಸ್ತೆ, ಹಳೆಯ ಮರಗಳು, ಮನೆಯ ಸುತ್ತ ಜಾಗ. ಆದರೆ ಅಲ್ಲಿ ಇರುವವರಲ್ಲಿ ಅನೇಕರು ನಿವೃತ್ತ ನೌಕರರು. ಅವರಿಗಿರುವುದು ವಾಸದ ಅನುಮತಿ ಅಷ್ಟೆ, ಮಾಲೀಕತ್ವವಲ್ಲ. ಅವರಿಂದ ಒಳಬಾಡಿಗೆಗೆ ಅಥವಾ ಭೋಗ್ಯಕ್ಕೆ ಹಿಡಿದರೆ ನಿಮ್ಮ ಕರಾರು ಕಾರ್ಖಾನೆಯನ್ನು ಕಟ್ಟಿಹಾಕುವುದಿಲ್ಲ. ಕಾರ್ಖಾನೆ ಪೂರ್ತಿ ಮುಚ್ಚಿದರೂ ಮತ್ತೆ ಚಾಲೂ ಆದರೂ ಮೊದಲು ಖಾಲಿ ಮಾಡಬೇಕಾದವರು ನೀವೇ. ಲಕ್ಷಗಟ್ಟಲೆ ಭೋಗ್ಯದ ಹಣ ಅಲ್ಲಿ ಇಡುವುದು ನನ್ನ ದೃಷ್ಟಿಯಲ್ಲಿ ತೀರಾ ಅಪಾಯ. 'ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾಡಿಕೊಡ್ತೀವಿ' ಎಂಬ ಮಾತೂ ಕೇಳಿಬರುತ್ತದೆ. ಜಿಪಿಎ ಮೂಲಕ ಮಾಲೀಕತ್ವ ವರ್ಗಾವಣೆ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಕೊಳ್ಳುವುದಾದರೆ ಪಹಣಿಯ 9 ಮತ್ತು 11ನೇ ಕಾಲಂ ಮೊದಲು ನೋಡಿ. 9ರಲ್ಲಿ ಮಾಲೀಕರ ಹೆಸರು, 11ರಲ್ಲಿ ಋಣ ಮತ್ತು ಹಕ್ಕುಗಳು. ಭೂಸ್ವಾಧೀನ, ಕಾರ್ಖಾನೆ, ಅರಣ್ಯ, ಸರ್ಕಾರ ಎಂಬ ಪದ ಎಲ್ಲೇ ಕಂಡರೂ ವಕೀಲರಿಗೆ ತೋರಿಸದೆ ಮುಂಗಡ ಕೊಡಬೇಡಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಕನಿಷ್ಠ 30 ವರ್ಷದ ಋಣಭಾರ ಪತ್ರ ತೆಗೆಸಿ. ಹಳೆಯ ವರ್ಷಗಳದ್ದು ಅಲ್ಲಿ ಸಿಗದಿದ್ದರೆ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಹಾಕಿ. ಪಂಚಾಯಿತಿ ವ್ಯಾಪ್ತಿಯ ನಿವೇಶನಕ್ಕೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11ಎ ಬೇಕು. 11ಬಿ ಇದ್ದರೆ ಅದು ನಿಯಮಬದ್ಧ ಬಡಾವಣೆಯಲ್ಲ. ಬ್ಯಾಂಕ್ ಸಾಲದ ಹೊತ್ತಿಗೆ ತೊಂದರೆ ಶುರುವಾಗುತ್ತದೆ.

ಇನ್ನು ನದಿ. ಲಕ್ಕವಳ್ಳಿಯ ಭದ್ರಾ ಜಲಾಶಯದ ಪೂರ್ಣ ಮಟ್ಟ 186 ಅಡಿ, ಊರು ಅದರ ಕೆಳಗಡೆ ಇದೆ. ಜುಲೈ, ಆಗಸ್ಟ್‌ನಲ್ಲಿ ಮಟ್ಟ 180 ದಾಟಿದ ಮೇಲೆ ಮಲೆನಾಡಿನಲ್ಲಿ ಮಳೆ ಹಿಡಿದರೆ ಗೇಟು ಎತ್ತುತ್ತಾರೆ. ಊರಲ್ಲಿ ಒಂದು ಹನಿ ಬೀಳದಿದ್ದರೂ ಹೊಳೆ ಏರಬಹುದು. ಕವಲಗುಂದಿ ಕಡೆಯ ತಗ್ಗು ಬೀದಿಗಳಿಗೆ ನೀರು ನುಗ್ಗಿದ್ದುಂಟು. ಹೊಳೆಗೆ ಹತ್ತಿರದ ಮನೆಯಾದರೆ ಪಕ್ಕದ ಹಳೇ ಗೋಡೆಗಳನ್ನು ಗಮನಿಸಿ. ಸುಣ್ಣದ ಮೇಲೆ ಅಡ್ಡಡ್ಡ ಮಾಸಲು ಗೆರೆ ಒಂದೇ ಎತ್ತರದಲ್ಲಿ ನಾಲ್ಕೈದು ಮನೆಗಳಲ್ಲಿ ಕಂಡರೆ ಅದು ನೆರೆಯ ಗುರುತು. ಹೊಸದಾಗಿ ಬಣ್ಣ ಬಳಿದ ಮನೆಯಲ್ಲಿ ಅದು ಕಾಣುವುದಿಲ್ಲ, ಆದ್ದರಿಂದ ಪಕ್ಕದ ಮನೆ ನೋಡಬೇಕು.

ನಾಲೆಯ ಬದಿಯ ನಿವೇಶನಗಳದ್ದು ಬೇರೆ ಸಮಸ್ಯೆ. ನಾಲೆಗೆ ನೀರು ಬಿಟ್ಟಾಗ ಅಂತರ್ಜಲ ಏರಿ ಗೋಡೆಯ ಬುಡದಲ್ಲಿ ಎರಡು ಮೂರು ಅಡಿಯವರೆಗೆ ತೇವ ಹತ್ತುತ್ತದೆ, ಪ್ಲಾಸ್ಟರ್ ಉಬ್ಬಿ ಬಿಳಿ ಪುಡಿ ಉದುರುತ್ತದೆ. ನಾಲೆ ಒಣಗಿದ್ದಾಗ ನೋಡಿ ಒಪ್ಪಿಕೊಂಡವರಿಗೆ ಇದು ತಿಳಿಯುವುದೇ ಇಲ್ಲ. ನಾಲೆ ಹರಿಯುವ ತಿಂಗಳಲ್ಲಿ ಇನ್ನೊಮ್ಮೆ ಹೋಗಿ.

ಕಾರ್ಖಾನೆ ಊರಿಗೇ ವಿಶೇಷವಾದ ಇನ್ನೊಂದು ಅಪಾಯ, ಸ್ಲ್ಯಾಗ್ ತುಂಬಿದ ನೆಲ. ಸ್ಲ್ಯಾಗ್ ಅಂದರೆ ಕುಲುಮೆಯ ಕಿಟ್ಟ; ತಗ್ಗು ಜಾಗ ಮುಚ್ಚಲು ಅಗ್ಗಕ್ಕೆ ಸಿಗುವ ವಸ್ತು. ಉಕ್ಕಿನ ಕುಲುಮೆಯ ಕಿಟ್ಟದಲ್ಲಿ ಅರಳದ ಸುಣ್ಣ ಉಳಿದಿದ್ದರೆ ಅದು ನೀರು ಕುಡಿದು ವರ್ಷಗಟ್ಟಲೆ ಹಿಗ್ಗುತ್ತದೆ. ನೆಲಹಾಸು ಎದ್ದು ನಿಲ್ಲುತ್ತದೆ, ಗೋಡೆಯಲ್ಲಿ ಮೆಟ್ಟಿಲಿನಂತೆ ಬಿರುಕು ಬಿಡುತ್ತದೆ. ಬೂದಿ ತುಂಬಿದ್ದರೆ ತಿರುಗಾಮುರುಗಾ, ನೆಲ ಕುಸಿಯುತ್ತದೆ. ನಿವೇಶನದ ಎರಡು ಮೂಲೆಗಳಲ್ಲಿ ನಾಲ್ಕು ಅಡಿ ಗುಂಡಿ ತೆಗೆಸಿ. ಕಪ್ಪು, ಬೂದು ಬಣ್ಣದ, ಸಣ್ಣ ತೂತುಗಳಿರುವ ತೂಕದ ಕಲ್ಲುಗಳು ಸಿಕ್ಕರೆ ಮೂಲ ಮಣ್ಣು ತಾಗುವವರೆಗೂ ಅಗೆಸಿ ಆಳ ಗುರುತು ಹಾಕಿಕೊಳ್ಳಿ. ಪಾಯ ಅಲ್ಲಿಂದ ಎದ್ದೇಳಬೇಕು, ಆ ಖರ್ಚನ್ನು ನಿವೇಶನದ ಬೆಲೆಯಲ್ಲಿ ಕಳೆಯಿರಿ.

ಅಂಥ ಜಾಗದ ಬೋರ್‌ವೆಲ್ ನೀರನ್ನು ಟಿಡಿಎಸ್ ಮೀಟರ್ ಒಂದರಿಂದಲೇ ಒಪ್ಪಬೇಡಿ. ಅದು ಕರಗಿದ ಲವಣಗಳ ಒಟ್ಟು ಲೆಕ್ಕ ಕೊಡುತ್ತದೆಯೇ ಹೊರತು ಸೀಸವೋ ಕ್ರೋಮಿಯಮ್ಮೋ ಇದೆಯೇ ಎಂದು ಹೇಳುವುದಿಲ್ಲ. ಭಾರಲೋಹಗಳ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಹೆಸರಿಟ್ಟು ಕೇಳಿ ಮಾಡಿಸಬೇಕು. ಕಬ್ಬಿಣದ ಅಂಶ ಮಾತ್ರ ಮನೆಯಲ್ಲೇ ಗೊತ್ತಾಗುತ್ತದೆ: ಬಿಳಿ ಬಕೆಟ್ಟಿನಲ್ಲಿ ರಾತ್ರಿಯಿಡೀ ನೀರಿಟ್ಟರೆ ಬೆಳಿಗ್ಗೆ ತಳದಲ್ಲಿ ಕೆಂಪು ಗಸಿ ಕೂರುತ್ತದೆ.

ಹಳೇ ಮನೆಯೊಳಗೆ ನಾನು ನೋಡಿದ್ದು ಮುಖ್ಯವಾಗಿ ಅರ್ಥಿಂಗ್. ಮಲ್ಟಿಮೀಟರ್ ಹಿಡಿದು ಸಾಕೆಟ್ಟಿನಲ್ಲಿ ಫೇಸ್ ಮತ್ತು ಅರ್ಥ್ ನಡುವೆ ಅಳೆದರೆ ಸುಮಾರು 230 ವೋಲ್ಟ್, ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟಿನೊಳಗೆ ಬರಬೇಕು. ಹೆಚ್ಚಿದ್ದರೆ ಅರ್ಥ್ ಗುಂಡಿ ಒಣಗಿರಬಹುದು, ತಂತಿ ತುಂಡಾಗಿರಬಹುದು ಅಥವಾ ನ್ಯೂಟ್ರಲ್‌ನಲ್ಲೇ ದೋಷವಿರಬಹುದು. ಕರೆಂಟು ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಹಾಕಿಸದೆ ಗೀಸರ್ ಬಳಸಬೇಡಿ. ಹೆಂಚಿನ ಮನೆಯಾದರೆ ತೊಲೆ ಗೋಡೆಗೆ ಸೇರುವ ತುದಿಗೆ ಸ್ಕ್ರೂಡ್ರೈವರ್ ಚುಚ್ಚಿ. ಗೆದ್ದಲು ತಿಂದಿದ್ದರೆ ಸಲೀಸಾಗಿ ಒಳಹೋಗುತ್ತದೆ.

ಇಷ್ಟೆಲ್ಲ ತಾಳೆ ಹಾಕಿದ ಮೇಲೆ ನನಗೆ ಒಪ್ಪಿಗೆಯಾದದ್ದು ಜನ್ನಾಪುರ, ಹೊಸಮನೆಯಂಥ ಕಡೆ ನಗರಸಭೆ ಖಾತೆ ಇರುವ, ಹೊಳೆಗಿಂತ ಎತ್ತರದ ಖಾಸಗಿ ಮನೆಗಳು. ಕೆಲಸ ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದಲ್ಲೋ ಶಿವಮೊಗ್ಗದಲ್ಲೋ ಇದ್ದರೆ ಆ ರಸ್ತೆಯ ಬದಿ ಹುಡುಕುವುದು ಲೇಸು. ಸೋಗಾನೆಯ ವಿಮಾನ ನಿಲ್ದಾಣವೂ ಅದೇ ದಿಕ್ಕಿಗಿದೆ. ದೊಡ್ಡ ಆಸ್ಪತ್ರೆಗಳಿರುವುದು ಸುಮಾರು 20 ಕಿಲೋಮೀಟರ್ ದೂರದ ಶಿವಮೊಗ್ಗದಲ್ಲಿ. ಹಾಗಾಗಿ ವಯಸ್ಸಾದವರು ಜೊತೆಗಿದ್ದರೆ ಮನೆಯಿಂದ ಹೆದ್ದಾರಿಗೆ ರೈಲ್ವೆ ಗೇಟ್ ದಾಟದೆ, ಮಳೆಗಾಲದಲ್ಲಿ ನೀರು ನಿಲ್ಲುವ ತಗ್ಗು ಸೇತುವೆ ಹಾಯದೆ ಹೋಗುವ ದಾರಿ ಇದೆಯೇ ಎಂದು ರಾತ್ರಿ ಹೊತ್ತು ಒಮ್ಮೆ ಗಾಡಿ ಓಡಿಸಿ ನೋಡಿ.